ಪೆಪ್ಪರ್‌ಮೆಂಟು ಕರಗಿತು, ಡಬ್ಬಿ ಉಳಿಯಿತು

ನಮ್ಮ ಕಡೆ ಮಗು ಅಂಗಡಿಗೆ ಹೋಗಿ ಕಿತ್ತಳೆ ಹುಳಿಯ ಮಿಠಾಯಿಯ ಕಡೆ ಬೆರಳು ತೋರಿಸಿದರೂ ಕೇಳುವುದು ಪೆಪ್ಪರ್‌ಮೆಂಟನ್ನೇ. ಅದರಲ್ಲಿ ಪುದೀನದ ಸೋಂಕೂ ಇರುವುದಿಲ್ಲ, ಹೆಸರು ಮಾತ್ರ ಅದೇ. ಇವತ್ತು ನಾವು ನೋಡಲಿರುವ ಡಬ್ಬಿಗೂ ಹೀಗೇ ಹೆಸರು ಬಂತು. ಜರ್ಮನ್ ಭಾಷೆಯಲ್ಲಿ ಪೆಪ್ಪರ್‌ಮಿಂಟಿಗೆ 'ಫೆಫರ್‌ಮಿಂಟ್ಸ್' ಅನ್ನುತ್ತಾರೆ. ರೋಮನ್ ಲಿಪಿಯಲ್ಲಿ ಬರೆದರೆ 11 ಅಕ್ಷರ. ಮೊದಲನೆಯದು ಪಿ, ನಟ್ಟನಡುವಿನ ಆರನೆಯದು ಇ, ಕೊನೆಯದು ಝೆಡ್. ಮೂರನ್ನೂ ಜೋಡಿಸಿದರೆ ಪೆಜ್. 1927ರಲ್ಲಿ ವಿಯೆನ್ನಾದ ಮೂರನೆಯ ಎಡ್ವರ್ಡ್ ಹಾಸ್ ಶುರುಮಾಡಿದ ಮಿಠಾಯಿ ಇದು. ಈಗ ಇದರಲ್ಲೂ ಸ್ಟ್ರಾಬೆರಿ, ನಿಂಬೆ, ಕಿತ್ತಳೆ, ದ್ರಾಕ್ಷಿ ಎಲ್ಲ ಇವೆ, ಹೆಸರು ಪೆಪ್ಪರ್‌ಮಿಂಟಿನದೇ ಉಳಿದಿದೆ.

ಈಗ ನಿಮ್ಮ ಸಾಲುಗಳಲ್ಲಿ ಕೈಯಿಂದ ಕೈಗೆ ಬರುತ್ತಿರುವುದು ಹೊಸ ಡಬ್ಬಿ, ಧಾರಾಳವಾಗಿ ಮುಟ್ಟಿ. ಬೆರಳಷ್ಟು ಉದ್ದ, ಮೇಲೊಂದು ಗೊಂಬೆಯ ತಲೆ. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಕತ್ತಿನಿಂದ ಒಂದು ಬಿಲ್ಲೆ ಮುಂದಕ್ಕೆ ಬರುತ್ತದೆ. ಒಂದು ಕೋರಿಕೆ: ತಲೆ ನೋಡಿ ಸಂತೋಷಪಟ್ಟ ಮೇಲೆ ಡಬ್ಬಿಯನ್ನು ತಿರುವಿ ಹಾಕಿ, ಅಡಿಯನ್ನೂ ಪಕ್ಕವನ್ನೂ ನೋಡಿ. ಮಿಠಾಯಿ ಕರಗುವುದಕ್ಕೇ ಮಾಡಿದ್ದು, ಅದರ ಸುತ್ತಲಿನ ಕಾಗದ, ತಗಡು, ಡಬ್ಬಿ ಎಸೆಯುವುದಕ್ಕೆ ಮಾಡಿದ್ದು. ಮಿಠಾಯಿಯ ಮ್ಯೂಸಿಯಂ ಎಂದರೆ ಹಾಗೆ ಎಸೆಯಬೇಕಿದ್ದುದು ಯಾರದೋ ಹಟದಿಂದ ಉಳಿದುಕೊಂಡ ಜಾಗ. ಅಂಥಲ್ಲಿಗೆ ಹೋದವರು ಮುಖಗಳನ್ನು ನೋಡಿ ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ಅಡಿ, ಬೆನ್ನು, ಕೀಲು, ಅಚ್ಚಿನ ಗುರುತು ನೋಡಲು ಕಲಿತವರಿಗೆ ಅದೇ ಒಂದು ಕೋಣೆಯಲ್ಲಿ ಎರಡು ಗಂಟೆ ಸಾಲುವುದಿಲ್ಲ. ಆ ನೋಡುವ ಬಗೆಯನ್ನೇ ಇವತ್ತು ಹೇಳಬೇಕು.

ಉದಾಹರಣೆಗೆ ತೆಗೆದುಕೊಳ್ಳುವುದು ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಂತೆಯೇ ಇರುವ ಸಣ್ಣ ಊರು. ಅಲ್ಲಿನ ಬೀದಿಬದಿಯ ಒಂದು ಮಳಿಗೆಯಲ್ಲಿ ಗ್ಯಾರಿ ಡಾಸ್ ಮತ್ತು ಅವರ ಪತ್ನಿ ನ್ಯಾನ್ಸಿ ನಡೆಸುತ್ತಿದ್ದ ಪೆಜ್ ಮ್ಯೂಸಿಯಂ ಇತ್ತು. ಮೊದಲು ಅದು ಕಂಪ್ಯೂಟರ್ ಅಂಗಡಿ. ಡಾಸ್ ತಮ್ಮ ಸಂಗ್ರಹದ ಡಬ್ಬಿಗಳನ್ನು ಅಲ್ಲೇ ಜೋಡಿಸಿಟ್ಟಿದ್ದರು. ಕಂಪ್ಯೂಟರಿಗಿಂತ ಡಬ್ಬಿ ನೋಡಲು ಬರುವವರು ಹೆಚ್ಚಾದರು, 1995ರಲ್ಲಿ ಮ್ಯೂಸಿಯಂ ಆಯಿತು. ಪ್ರವೇಶಕ್ಕೆ 3 ಡಾಲರ್. ಗೋಡೆಯುದ್ದಕ್ಕೂ ಕಾಲಾನುಕ್ರಮದಲ್ಲಿ ಸಾಲು ಸಾಲು ಡಬ್ಬಿ, ನಡುವೆ 7 ಅಡಿ 10 ಅಂಗುಲ ಎತ್ತರದ ಹಿಮದ ಗೊಂಬೆಯ (ಸ್ನೋಮ್ಯಾನ್) ತಲೆಯ ದೈತ್ಯ ಡಬ್ಬಿ. ಅದನ್ನು ಡಾಸ್ ತಾವೇ ಮಾಡಿಸಿದ್ದು. ಇದರ ವಿಚಾರವಾಗಿ 2009ರಲ್ಲಿ ಪೆಜ್ ಕಂಪನಿ ಮೊಕದ್ದಮೆ ಹೂಡಿತು, ಅದಾದ ಮೇಲೂ ಮ್ಯೂಸಿಯಂ ಹತ್ತು ವರ್ಷ ನಡೆಯಿತು. ಅದೇ ಮಳಿಗೆಯಲ್ಲಿ ಹಳೆಯ ಆಟಿಕೆಗಳದೊಂದು ವಿಭಾಗ, ಮಕ್ಕಳಿಗೆ ಅಪಾಯವೆಂದು ನಿಷೇಧವಾದ ಆಟಿಕೆಗಳದಿನ್ನೊಂದು ವಿಭಾಗವೂ ಇದ್ದವು. 2019ರಲ್ಲಿ ಬಾಗಿಲು ಹಾಕಿತು.

ಮುಚ್ಚಿದ ಮ್ಯೂಸಿಯಂ ಬಗ್ಗೆ ಏಕೆ ಹೇಳಬೇಕು ಎಂದರೆ, ಅದನ್ನು ಜೋಡಿಸಿದ ಕ್ರಮವೇ ಒಳ್ಳೆಯ ಪಾಠ. ಆ ಸಾಲಿನ ಜಾಡು ಹಿಡಿದು ಹೋಗೋಣ.

ಮೊದಲ ಸಾಲಿನಲ್ಲಿ ತಲೆಯೇ ಇಲ್ಲ. 1927ರಿಂದ ಇಪ್ಪತ್ತು ವರ್ಷ ಪೆಜ್ ಬಂದದ್ದು ಕಾಗದದ ಪೊಟ್ಟಣದಲ್ಲಿ, ಸಣ್ಣ ತಗಡಿನ ಡಬ್ಬಿಯಲ್ಲಿ. ಗಿರಾಕಿಗಳು ದೊಡ್ಡವರು, ಅದರಲ್ಲೂ ಸಿಗರೇಟು ಸೇದುವವರು. 'ಧೂಮಪಾನ ನಿಷಿದ್ಧ, ಪೆಜ್‌ಪಾನಕ್ಕೆ ಅಡ್ಡಿಯಿಲ್ಲ' ಎಂಬರ್ಥದ ಜಾಹೀರಾತು ಆಗ ಪ್ರಸಿದ್ಧ. ಬೆರಳು ತಾಗದೆ ಒಂದೇ ಕೈಯಲ್ಲಿ ಒಂದು ಬಿಲ್ಲೆ ತೆಗೆಯುವ ಡಬ್ಬಿಯನ್ನು ಆಸ್ಕರ್ ಉಕ್ಸಾ ರೂಪಿಸಿದರು, 1949ರಲ್ಲಿ ವಿಯೆನ್ನಾದ ವ್ಯಾಪಾರ ಮೇಳದಲ್ಲಿ ಅದು ಕಾಣಿಸಿಕೊಂಡಿತು. ನೋಡಲು ಥೇಟ್ ಸಿಗರೇಟ್ ಲೈಟರ್. ಜೇಬಿನಿಂದ ತೆಗೆಯುವ ಚಲನೆಯೂ, ಹೆಬ್ಬೆರಳಿನಿಂದ ಮುಚ್ಚಳ ಎತ್ತುವ ಚಲನೆಯೂ ಲೈಟರಿನವೇ. ಸೇದುವ ಚಟ ಇದ್ದ ಕೈಗೆ ಅದೇ ಕೆಲಸ ಕೊಟ್ಟರು ನೋಡಿ. ಸಂಗ್ರಾಹಕರು ಇವನ್ನು 'ರೆಗ್ಯುಲರ್' ಎಂದು ಕರೆಯುತ್ತಾರೆ.

1952ರಲ್ಲಿ ಪೆಜ್ ಅಮೆರಿಕಕ್ಕೆ ಬಂತು. ಅಲ್ಲಿ ದೊಡ್ಡವರ ಪೆಪ್ಪರ್‌ಮಿಂಟಾಗಿ ಅದು ಅಷ್ಟಾಗಿ ಹಿಡಿಸಲಿಲ್ಲ. ಕರ್ಟಿಸ್ ಅಲ್ಲಿನಾ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1950ರ ದಶಕದ ಮಧ್ಯಭಾಗದಲ್ಲಿ, ಹಣ್ಣಿನ ರುಚಿ ಬಂತು, ಡಬ್ಬಿಗೆ ಗೊಂಬೆಯ ರೂಪ ಬಂತು. ಮೊದಮೊದಲಿನವುಗಳಲ್ಲಿ ತಲೆಯಿಂದ ಕಾಲಿನವರೆಗೆ ಪೂರ್ತಿ ಮೈಯಿರುವ ಸಾಂತಾಕ್ಲಾಸ್ ಮತ್ತು ಬಾಹ್ಯಾಕಾಶದ ರೋಬೋ ಸಿಪಾಯಿ ಇವೆ. ಪೂರ್ತಿ ಮೈ ಎಂದರೆ ಪ್ರತಿ ಗೊಂಬೆಗೂ ಬೇರೆ ದೊಡ್ಡ ಅಚ್ಚು ಬೇಕು, ಖರ್ಚು ಹೆಚ್ಚು. ಕೆಳಗಿನ ಭಾಗ ಎಲ್ಲಕ್ಕೂ ಒಂದೇ ಇಟ್ಟು ತಲೆ ಮಾತ್ರ ಬದಲಿಸಿದರೆ ಅಗ್ಗ. ಪೆಜ್‌ನ ಈಗಿನ ಆಕಾರ ನಿಂತಿರುವುದು ಈ ಲೆಕ್ಕದ ಮೇಲೆ. 1960ರ ದಶಕದ ಕೊನೆಯ ಸಾಲಿನಲ್ಲಿ, ಹಿಪ್ಪಿಗಳ ಕಾಲದ ಬಣ್ಣಗಳಲ್ಲಿ, ಕಣ್ಣನ್ನು ಹಿಡಿದ ಕೈ ಮತ್ತು ಹೂವಿನ ತಲೆ ಕಾಣುತ್ತವೆ.

ಆಮೇಲೆ 1972ರದೊಂದು: ಖಾಲಿ ಮುಖ, ಜೊತೆಗೆ ಕಣ್ಣು, ಮೂಗು, ಕಿವಿ, ಟೋಪಿಯ ಪುಟ್ಟ ಬಿಡಿಭಾಗಗಳು. ಮಗು ತನಗಿಷ್ಟವಾದ ಮುಖ ಮಾಡಿಕೊಳ್ಳಬೇಕು. ತಿನ್ನುವ ವಸ್ತುವಿನ ಪಕ್ಕದಲ್ಲೇ ಅದೇ ಗಾತ್ರದ ಪ್ಲಾಸ್ಟಿಕ್ ಚೂರುಗಳು! ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯದಿಂದ ಬೇಗನೆ ಹಿಂತೆಗೆದುಕೊಂಡರು. ಹೊರಬಂದದ್ದೇ ಕಡಿಮೆ, ಬಂದವುಗಳಲ್ಲಿ ಚೂರು ಕಳೆಯದೆ ಉಳಿದದ್ದು ಇನ್ನೂ ಕಡಿಮೆ. ಆದ್ದರಿಂದ ಬಿಡಿಭಾಗಗಳೆಲ್ಲ ರಟ್ಟಿಗೆ ಅಂಟಿಕೊಂಡೇ ಇರುವ, ತೆರೆಯದ ಪೊಟ್ಟಣಕ್ಕೆ ಸಂಗ್ರಾಹಕರು ಕೊಡುವ ಬೆಲೆ ಬಹಳ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ಈಬೇ ಎಂಬ ಹರಾಜು ತಾಣ 1995ರಲ್ಲಿ ಹುಟ್ಟಿದ್ದು ಅದರ ಸ್ಥಾಪಕನ ಭಾವಿ ಪತ್ನಿಗೆ ಪೆಜ್ ಡಬ್ಬಿ ಮಾರಿ ಕೊಳ್ಳಲು ಜಾಗ ಬೇಕೆಂದು ಎಂಬ ಕಥೆಯನ್ನು ನೀವು ಓದಿರಬಹುದು. ಅದು ಪ್ರಚಾರಕ್ಕಾಗಿ 1997ರಲ್ಲಿ ಕಂಪನಿಯ ಸಿಬ್ಬಂದಿಯೇ ಕಟ್ಟಿದ ಕಥೆ ಎಂದು ಆಮೇಲೆ ಒಪ್ಪಿಕೊಂಡಿದ್ದಾರೆ. ಆದರೆ ಕಥೆಯಿಂದ ಪೆಜ್‌ಗಂತೂ ಹೆಸರು ಬಂತು, ಬೆಲೆಯೂ ಏರಿತು. ಬೆಲೆ ಏರಿದ ಕೂಡಲೇ ನಕಲಿಯೂ ಬರುತ್ತದೆ. ಅದಕ್ಕೇ ಡಬ್ಬಿಯನ್ನು ಓದಲು ಕಲಿಯಬೇಕು.

ಓದುವುದು ಬುಡದಿಂದ. ಈಗ ನಿಮ್ಮ ಕೈಲಿರುವ ಡಬ್ಬಿಯ ಕೆಳಗೆ ಎರಡು ಪುಟ್ಟ ಪಾದಗಳಿವೆ, ಅದರಿಂದಲೇ ಮೇಜಿನ ಮೇಲೆ ನಿಲ್ಲುತ್ತದೆ. ಪಾದ ಬಂದದ್ದು 1987ರಲ್ಲಿ. ಪಾದ ಇಲ್ಲದಿದ್ದರೆ ಬಹುಮಟ್ಟಿಗೆ ಅದಕ್ಕಿಂತ ಹಳೆಯದು. 'ಬಹುಮಟ್ಟಿಗೆ' ಎಂದೆ, ಏಕೆಂದರೆ ಪಾದವನ್ನು ಕತ್ತರಿಸಿ, ಉಜ್ಜಿ ನುಣುಪು ಮಾಡಿ ಹಳೆಯದೆಂದು ಮಾರುವವರಿದ್ದಾರೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬುಡದ ಅಂಚು ನೋಡಿ. ಅಚ್ಚಿನಿಂದ ಬಂದ ಅಂಚು ಎಲ್ಲೆಡೆ ಒಂದೇ ಹೊಳಪಿನದು, ಸ್ವಲ್ಪ ದುಂಡಗೆ. ಉಜ್ಜಿದ ಅಂಚಿನಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳಿರುತ್ತವೆ, ಹೊಳಪು ಮಂಕಾಗಿರುತ್ತದೆ.

ಎರಡನೆಯದು ಪಕ್ಕದಲ್ಲಿ ಅಚ್ಚಾದ ಪೇಟೆಂಟ್ ಸಂಖ್ಯೆ. ಅಮೆರಿಕದ ಐದು ಪೇಟೆಂಟುಗಳನ್ನು ನೆನಪಿಟ್ಟುಕೊಂಡರೆ ಸಾಕು, ಬೇಕಾದವರು ಬರೆದುಕೊಳ್ಳಿ. 2,620,061 ಎಂಬುದು 1952ರದು. 3,410,455 ಎಂಬುದು 1968ರದು. 3,845,882 ಎಂದರೆ 1974. 3,942,683 ಎಂದರೆ 1976. 4,966,305 ಎಂದರೆ 1990. ಹೊಸಬರು ಮಾಡುವ ತಪ್ಪು ಇಲ್ಲೇ. ಸಂಖ್ಯೆ 1976ರದಾದ ಮಾತ್ರಕ್ಕೆ ಡಬ್ಬಿ 1976ರದಲ್ಲ. ಉಕ್ಕಿನ ಅಚ್ಚು ಕೆತ್ತಿಸುವುದು ದುಬಾರಿ, ಒಮ್ಮೆ ಕೆತ್ತಿಸಿದ್ದನ್ನು ಸವೆಯುವವರೆಗೂ ವರ್ಷಗಟ್ಟಲೆ ಬಳಸುತ್ತಾರೆ. ಹಾಗಾಗಿ ಪೇಟೆಂಟ್ ಸಂಖ್ಯೆ ಹೇಳುವುದು ಇಷ್ಟೇ: ಈ ವರ್ಷಕ್ಕಿಂತ ಮೊದಲು ಇದು ತಯಾರಾಗಿರಲು ಸಾಧ್ಯವಿಲ್ಲ. 1976ರ ಸಂಖ್ಯೆಯೂ ಪಾದವೂ ಎರಡೂ ಇದ್ದರೆ ಡಬ್ಬಿ 1987ರ ಈಚಿನದು. ಪಕ್ಕದಲ್ಲಿ ದೇಶದ ಹೆಸರೂ ಇರುತ್ತದೆ: ಆಸ್ಟ್ರಿಯಾ, ಹಾಂಗ್‌ಕಾಂಗ್, ಯುಗೊಸ್ಲಾವಿಯಾ, ಹಂಗೇರಿ, ಚೀನಾ. ಯುಗೊಸ್ಲಾವಿಯಾ ಎಂದಿದ್ದು ಸ್ಲೊವೇನಿಯಾ ಆಗಿದ್ದರೆ, 1991ರಲ್ಲಿ ಆ ದೇಶ ಒಡೆದ ಸುದ್ದಿ ಒಂದು ಮಿಠಾಯಿ ಡಬ್ಬಿಯ ಪಕ್ಕೆಯಲ್ಲಿ ಕೂತಿದೆ ಎಂದರ್ಥ. ನನ್ನ ಮಟ್ಟಿಗೆ ಗೋಡೆಯ ಮೇಲಿನ ಎಲ್ಲ ತಲೆಗಳಿಗಿಂತ ಇದು ದೊಡ್ಡದು.

ಮೂರನೆಯದು ಜೋಡಣೆ. ತಲೆ ಒಂದು ಕಾಲದ್ದು, ಕೆಳಭಾಗ ಇನ್ನೊಂದು ಕಾಲದ್ದು ಆಗಿರುವುದು ಬಹಳ ಸಾಮಾನ್ಯ. ಮೋಸಕ್ಕೇ ಹೀಗಾಗಬೇಕೆಂದಿಲ್ಲ, ಎರಡು ಮುರಿದ ಡಬ್ಬಿಗಳಿಂದ ಯಾವುದೋ ಮಗುವಿನ ಅಪ್ಪ ಒಂದನ್ನು ಮಾಡಿರಬಹುದು. ತೀರಾ ಹಳೆಯ ತಲೆಗಳ ಕೀಲಿಗೆ ಲೋಹದ ಕಡ್ಡಿ ಇರುತ್ತದೆ. ಹಳೆಯ ತಲೆ, ಪಾದ ಇರುವ ಕೆಳಭಾಗ ಒಟ್ಟಿಗೆ ಕಂಡರೆ ಕೇಳಬೇಕು.

ಒಳಗಿನ ಯಂತ್ರವನ್ನೂ ನೋಡಿಬಿಡೋಣ. ಐದು ಭಾಗ. ಹೊರಗೆ ಒರೆ. ಕತ್ತಿಯ ಒರೆಯಿದ್ದಂತೆ ಅದರೊಳಗೆ ಜಾರುವ ಒಳಕೊಳವೆ. ಒಳಕೊಳವೆಯ ತಳದಲ್ಲಿ ಸುರುಳಿ ಸ್ಪ್ರಿಂಗು. ಸ್ಪ್ರಿಂಗಿನ ಮೇಲೆ ಬಿಲ್ಲೆಗಳನ್ನು ಹೊರುವ ಪುಟ್ಟ ಪೀಠ. ಎಲ್ಲಕ್ಕೂ ಮೇಲೆ ತಲೆ. ತಲೆಯ ಹಿಂಬದಿಯಿಂದ ಒಳಕ್ಕೆ ಇಳಿದ ಒಂದು ನಾಲಗೆಯಂಥ ತುಂಡಿದೆ, ಸಂಗ್ರಾಹಕರು ಅದನ್ನು 'ಕಿಕ್ಕರ್' ಅನ್ನುತ್ತಾರೆ. ತಲೆ ಹಿಂದಕ್ಕೆ ಬಾಗಿದಾಗ ಅದು ಮೇಲಿನ ಒಂದು ಬಿಲ್ಲೆಯನ್ನು ಮಾತ್ರ ಬೆನ್ನಿಗೆ ಒದ್ದು ಮುಂದಕ್ಕೆ ತಳ್ಳುತ್ತದೆ. ತಲೆ ಮುಚ್ಚಿದ ಮೇಲೆ ಸ್ಪ್ರಿಂಗು ಇನ್ನೊಂದನ್ನು ಮೇಲೇರಿಸುತ್ತದೆ.

ಈ ಯಂತ್ರ ನಡೆಯಬೇಕಾದರೆ ಬಿಲ್ಲೆಗಳೆಲ್ಲ ಒಂದೇ ಅಳತೆಯವಾಗಿ, ಒಣಗಿ, ಒಂದಕ್ಕೊಂದು ಅಂಟದಂತಿರಬೇಕು. ಪಾಕ ಕಾಯಿಸಿ ಎರೆದ ಮಿಠಾಯಿಯಿಂದ ಇದು ಆಗದು. ಕಾಯಿಸಿದ ಪಾಕದ ಮಿಠಾಯಿ ಗಾಜಿನಂಥದು, ಸ್ವಲ್ಪ ತೇವಕ್ಕೇ ಮೈ ಅಂಟಂಟು. ಪೆಜ್ ಬಿಲ್ಲೆಯನ್ನು ಕಾಯಿಸುವುದೇ ಇಲ್ಲ. ಸಣ್ಣಗೆ ಪುಡಿಮಾಡಿದ ಸಕ್ಕರೆಗೆ ರುಚಿ, ಬಣ್ಣ, ಹುಳಿ ಬೆರೆಸಿ, ಮಾತ್ರೆ ಒತ್ತುವ ಯಂತ್ರದಲ್ಲಿ ಒತ್ತುತ್ತಾರೆ. ಔಷಧದ ಗುಳಿಗೆ ಆಗುವ ಬಗೆಯೇ ಇದು. ಬಿಲ್ಲೆಯನ್ನು ಹತ್ತಿರ ಹಿಡಿದು ನೋಡಿ: ಪುಟ್ಟ ಇಟ್ಟಿಗೆ, ಮೂಲೆಗಳು ದುಂಡು, ನಡುವೆ ಒಳಕ್ಕೆ ಇಳಿದ ಮೂರು ಅಕ್ಷರ. ಹೆಬ್ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಅಂಟುತ್ತದೆ. ಒಂದು ಪೊಟ್ಟಣದಲ್ಲಿ 12 ಬಿಲ್ಲೆ, ಡಬ್ಬಿಗೂ 12ರ ಅಳತೆಯೇ.

ತುಂಬಿಸುವ ಕ್ರಮ ಹೀಗೆ. ಒರೆಯನ್ನು ಒಂದು ಕೈಯಲ್ಲಿ ಹಿಡಿದು, ತಲೆಯನ್ನು ಬಾಗಿಸದೆ ನೇರವಾಗಿ ಮೇಲಕ್ಕೆ ಎಳೆಯಿರಿ. ತಡೆ ಸಿಕ್ಕ ಕಡೆ ನಿಲ್ಲಿಸಿ, ಅದಕ್ಕಿಂತ ಜಗ್ಗಿದರೆ ಒಳಕೊಳವೆ ಪೂರ್ತಿ ಕಿತ್ತು ಬರುತ್ತದೆ. ಪೀಠವನ್ನು ಹೆಬ್ಬೆರಳಿನಿಂದ ಕೆಳಗೆ ಒತ್ತಿ ಹಿಡಿದು ಬಿಲ್ಲೆಗಳನ್ನು ತೆರೆದ ಬದಿಯಿಂದ ಕೂರಿಸುತ್ತ ಬನ್ನಿ. ಕೊನೆಯದನ್ನು ಕೂರಿಸಿದ ಮೇಲೆ ಬೆರಳಿನಿಂದ ಸಾಲನ್ನು ಒಮ್ಮೆ ಸವರಿ, ಯಾವುದೂ ಓರೆಯಾಗಿಲ್ಲವೆಂದು ಖಚಿತಮಾಡಿಕೊಂಡು ನಿಧಾನ ಒಳಕ್ಕೆ ಜಾರಿಸಿ. ಅರ್ಧದಲ್ಲಿ ನಿಂತರೆ ಬಲ ಹಾಕಬೇಡಿ. ಓರೆಯಾದ ಬಿಲ್ಲೆ ಪುಡಿಯಾಗಿ ಸ್ಪ್ರಿಂಗಿನ ಸಂದಿಗೆ ಇಳಿಯುತ್ತದೆ. ಹೊರಕ್ಕೆಳೆದು, ತಲೆಕೆಳಗು ಮಾಡಿ ತಟ್ಟಿ, ಮತ್ತೆ ತುಂಬಿ. ಕಾಗದ ಬಿಚ್ಚದೆ ಪೊಟ್ಟಣವನ್ನೇ ತುರುಕಿ ಆಮೇಲೆ ಕಾಗದ ಎಳೆಯುವ ಉಪಾಯ ತೋರಿಸುವವರಿದ್ದಾರೆ. ಕಾಗದದ ಚೂರು ಒಳಗೇ ಉಳಿದರೆ ಪೀಠ ಸಿಕ್ಕಿಕೊಳ್ಳುತ್ತದೆ, ನನ್ನ ಸಲಹೆ ಬೇಡ ಎಂದೇ.

ಹಳೆಯ ಡಬ್ಬಿಗಂತೂ ಮಿಠಾಯಿ ತುಂಬಲೇ ಬಾರದು. ಸಕ್ಕರೆ ಪುಡಿ ತೇವ ಹೀರುತ್ತದೆ, ತೇವ ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಪ್ಲಾಸ್ಟಿಕ್ಕಿಗೆ ಕಂದು ಕಲೆ ಬಿಡುತ್ತದೆ. ಆ ಕಲೆ ಹೋಗುವುದಿಲ್ಲ.

ಇಲ್ಲಿಂದ ಕೆಡುವಿಕೆಯ ವಿಷಯ. ಮ್ಯೂಸಿಯಂನಲ್ಲಿ 1970ರ ದಶಕದ ಕೊನೆಯ ಸಾಲಿಗೆ ಬಂದಾಗ ತಲೆಗಳು ಮೆತ್ತಗಿರುವ ಒಂದು ಗುಂಪು ಕಾಣುತ್ತದೆ: ಸೂಪರ್‌ಹೀರೋಗಳು, ದೆವ್ವಗಳು. ಗಟ್ಟಿ ಪ್ಲಾಸ್ಟಿಕ್ಕಿನ ಬದಲು ರಬ್ಬರಿನಂತೆ ಬಾಗುವ ತಲೆ. ಇಂಥ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಮೆದುತನ ಬರುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ರಾಸಾಯನಿಕದಿಂದ. ವರ್ಷಗಳು ಕಳೆದಂತೆ ಆ ಎಣ್ಣೆ ಹೊರಕ್ಕೆ ಬೆವರುತ್ತದೆ. ಮೈ ಅಂಟಂಟಾಗಿ ಧೂಳು ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು, ಪಕ್ಕದ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡರೆ ಅದನ್ನೂ ಮೆತ್ತಗೆ ಮಾಡಿ ಗುಳಿ ಬೀಳಿಸುತ್ತದೆ. ಸಂಗ್ರಾಹಕರ ಮಾತಿನಲ್ಲಿ ಇದು 'ಮೆಲ್ಟ್ ಮಾರ್ಕ್'. ಬೆಂಕಿಯ ಹತ್ತಿರ ಇಟ್ಟಿದ್ದರೇನೋ ಎನ್ನಿಸುತ್ತದೆ, ಆದರೆ ಕಾರಣ ಪಕ್ಕದಲ್ಲಿದ್ದ ಗೊಂಬೆ. ಮನೆಯಲ್ಲಿ ಮಕ್ಕಳ ಹಳೆಯ ಆಟಿಕೆಗಳನ್ನು ಒಂದೇ ಚೀಲಕ್ಕೆ ಸುರಿದು ಅಟ್ಟಕ್ಕೆ ಹಾಕಿದ್ದರೆ ಇವತ್ತೇ ಇಳಿಸಿ ನೋಡಿ. ಮೆತ್ತನೆಯವನ್ನು ಬೇರೆ ಮಾಡಿ, ನಡುವೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಹಾಳೆ ಇಡಿ. ಹೊಸದರಲ್ಲಿ ಘಾಟು ವಾಸನೆ ಬರುವ, ಮೆತ್ತನೆಯ, ದಪ್ಪ ಪಾರದರ್ಶಕ ಚೀಲಗಳು ಸಾಮಾನ್ಯವಾಗಿ ಪಿವಿಸಿ, ಅವು ಬೇಡವೇ ಬೇಡ.

ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದಕ್ಕೆ ಮುಖ್ಯ ಕಾರಣ ಬೆಳಕು, ಅದರಲ್ಲೂ ಕಿಟಕಿಯ ಬಿಸಿಲು. ತೊಳೆಯಬೇಕೆಂದರೆ ಉಗುರುಬೆಚ್ಚಗೂ ಅಲ್ಲದ ತಣ್ಣೀರಿಗೆ ಒಂದು ಹನಿ ಪಾತ್ರೆ ಸೋಪು, ಮೆತ್ತನೆಯ ಬ್ರಷ್ಷು. ಬಣ್ಣ ಬಳಿದ ಕಣ್ಣು ಹುಬ್ಬಿನ ಮೇಲೆ ಉಜ್ಜಬಾರದು. ಸ್ಪ್ರಿಂಗಿಗೆ ನೀರು ತಾಗಬಾರದು, ತಾಗಿದರೆ ಒಳಕೊಳವೆ ಹೊರಗೆಳೆದಿಟ್ಟು ಒಂದು ದಿನ ಫ್ಯಾನಿನ ಕೆಳಗೆ ಒಣಗಿಸಿ. ಉಗುರುಬಣ್ಣ ತೆಗೆಯುವ ದ್ರಾವಣ ಹಚ್ಚಿದವರು ಮುಖವನ್ನೇ ಕಳೆದುಕೊಂಡಿದ್ದಾರೆ. ಅದರಲ್ಲಿರುವ ಅಸಿಟೋನ್ ಈ ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ.

ತೆರೆಯದ ಪೊಟ್ಟಣದ ಮಿಠಾಯಿ ಇನ್ನೂ ಕಷ್ಟ. ಶುದ್ಧ ಸಕ್ಕರೆ ಹರಳು ಗಾಳಿಯ ತೇವಾಂಶ ಸುಮಾರು ಶೇ. 85 ಮುಟ್ಟುವವರೆಗೆ ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನು ದಾಟಿದರೆ ಗಾಳಿಯ ನೀರಿನಲ್ಲೇ ಕರಗಲು ಶುರು. ಗ್ಲೂಕೋಸ್ ಬೆರೆತಿದ್ದರೆ ಇನ್ನೂ ಬೇಗ. ಆಷಾಢದ ಮಂಗಳೂರಿನಲ್ಲಿ, ಆಗುಂಬೆಯಲ್ಲಿ ಈ ಮಟ್ಟ ದಾಟುವುದು ಏನೇನೂ ಕಷ್ಟವಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜೆಲ್ ತಂದರೆ ಯಾವಾಗ ತೇವ ತುಂಬಿತೆಂದು ಗೊತ್ತಾಗುತ್ತದೆ. ನೀಲಿಯಿಂದ ಗುಲಾಬಿಯಾಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಮಿಠಾಯಿ, ಮಕ್ಕಳು ಇರುವಲ್ಲಿ ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ.

ಇರುವೆಯನ್ನು ಎಲ್ಲರೂ ನೆನೆಯುತ್ತಾರೆ. ಇರುವೆಗಿಂತ ಹೆಚ್ಚು ಹಾಳುಮಾಡುವುದು ಕಾಗದ ಮತ್ತು ಅಂಟು ತಿನ್ನುವ ಬೆಳ್ಳಿಹುಳ. ಹುಳ ಹಿಡಿದ ಕಾಗದವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಪೂರ್ತಿ ಒಂದು ದಿನ ಬಿಚ್ಚಬೇಡಿ. ತಕ್ಷಣ ಬಿಚ್ಚಿದರೆ ಕೋಣೆಯ ತೇವವೆಲ್ಲ ತಣ್ಣನೆಯ ಕಾಗದದ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ, ಹುಳಕ್ಕಿಂತ ಹೆಚ್ಚು ನಾಶ ಆಗ ನಿಮ್ಮ ಕೈಯಿಂದಲೇ ಆಗುತ್ತದೆ.

ನಮ್ಮ ದೇಶದ ಮಿಠಾಯಿ ಕಾಗದ, ತಗಡಿನ ಡಬ್ಬಿ ಕೂಡಿಡುವವರು ಈ ಸಭೆಯಲ್ಲಿ ಇದ್ದಾರೆಂದು ಕೇಳಿದೆ, ಅವರಿಗೊಂದು ಮಾತು. ಪೇಟೆಂಟ್ ಸಂಖ್ಯೆ ಇಲ್ಲದಿದ್ದರೂ ನಮ್ಮ ಕಾಗದಗಳಲ್ಲೂ ಕಾಲದ ಗುರುತು ಬೇಕಾದಷ್ಟಿದೆ. ಬೆಲೆ 'ನಯೇ ಪೈಸೆ'ಯಲ್ಲಿ ಇದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರಿಗೆ ಮೊದಲಿನ ಬರಹ. ಸಸ್ಯಾಹಾರದ ಹಸಿರು ಚುಕ್ಕೆ 2001ರ ನಿಯಮದ್ದು. ರೂಪಾಯಿಯ ಹೊಸ ಚಿಹ್ನೆ 2010ರದು. ಆಹಾರ ಸುರಕ್ಷತೆಯ 14 ಅಂಕಿಯ ಪರವಾನಗಿ ಸಂಖ್ಯೆ 2011ರ ಈಚಿನದು. ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದೇ ಅಚ್ಚಾಗಿದ್ದರೆ ಸಾಮಾನ್ಯವಾಗಿ 2014ರ ನವೆಂಬರಿನ ಈಚಿನದು. ಡಬ್ಬಿಗೆ ಹೇಳಿದ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ: ಹೊಸ ಗುರುತು ಇದ್ದರೆ ಅದಕ್ಕಿಂತ ಹಳೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು, ಗುರುತು ಇಲ್ಲದಿದ್ದರೆ ಹಳೆಯದೇ ಎನ್ನಲಾಗದು. ಹಳೆಯ ಅಚ್ಚಿನ ಕಾಗದ ಮುಗಿಯುವವರೆಗೂ ಬಳಸಿದ ಸಣ್ಣ ಕಾರ್ಖಾನೆಗಳು ಎಷ್ಟೋ.

ಎರಡು ತುದಿ ತಿರುಚಿದ ಮಿಠಾಯಿ ಕಾಗದವನ್ನು ನೇರ ಮಾಡಲು ಇಸ್ತ್ರಿಪೆಟ್ಟಿಗೆ ಹಿಡಿಯಬೇಡಿ. ಹೊಳೆಯುವ ಸೆಲೊಫೇನ್ ಬಿಸಿಗೆ ಮುದುರುತ್ತದೆ, ಮೇಣದ ಕಾಗದದ ಮೇಣ ಕರಗಿ ಮಚ್ಚೆಯಾಗುತ್ತದೆ. ಎರಡು ದಪ್ಪ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಒಂದೆರಡು ದಪ್ಪ ಪುಸ್ತಕ ಹೇರಿ, ಒಂದು ವಾರ ಬಿಟ್ಟರೆ ಸಾಕು.

ನಮ್ಮಲ್ಲಿ ಮಿಠಾಯಿಯ ಸುತ್ತಲಿನ ವಸ್ತು ಎಂದರೆ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆ. ಎಳ್ಳುಬೆಲ್ಲದ ತಟ್ಟೆಯಲ್ಲಿ ಕೂರುವ ಗಿಳಿ, ಮೀನು, ಗೋಪುರ, ತುಳಸಿಕಟ್ಟೆ ಎಲ್ಲ ಹುಟ್ಟುವುದು ಅಲ್ಲಿ. ಎರಡು ಹೋಳು ಮರ, ಒಳಗೆ ತಿರುವುಮುರುವಾಗಿ ಕೆತ್ತಿದ ಗುಳಿ. ಎರೆಯುವ ಮೊದಲು ಮಣೆಯನ್ನು ನೀರಿನಲ್ಲಿ ನೆನೆಹಾಕುತ್ತಾರಲ್ಲ, ಅದಕ್ಕೆ ಕಾರಣವಿದೆ. ಒಣಮರ ಪಾಕದ ನೀರನ್ನು ಹೀರಿ ಸಕ್ಕರೆಯನ್ನು ತನ್ನ ಎಳೆಗಳಿಗೆ ಕಚ್ಚಿಸಿಕೊಳ್ಳುತ್ತದೆ, ಬಿಡಿಸುವಾಗ ಗಿಳಿಯ ಕೊಕ್ಕು ಮರದಲ್ಲೇ ಉಳಿಯುತ್ತದೆ. ನೆನೆದ ಮರ ಹೀರುವುದಿಲ್ಲ, ಅಚ್ಚು ಇಡಿಯಾಗಿ ಬರುತ್ತದೆ. ಹಾಲು ಹಾಕಿ ಕೊಳೆ ತೆಗೆದು ಸೋಸಿದ ಪಾಕ ಸೌಟಿನಲ್ಲಿ ತಿರುವುತ್ತಿದ್ದಂತೆ ಬೆಳ್ಳಗಾಗುವ ಗಳಿಗೆಯಲ್ಲೇ ಎರೆಯಬೇಕು. ಮೊದಲೇ ಎರೆದರೆ ಗಟ್ಟಿಯಾಗದು, ತಡಮಾಡಿದರೆ ಪಾತ್ರೆಯಲ್ಲೇ ಹರಳುಗಟ್ಟುತ್ತದೆ.

ಹಬ್ಬ ಮುಗಿದ ಮೇಲೆ ಮಣೆಯ ಗತಿ ಏನಾಗುತ್ತದೆ? ಗುಳಿಯ ಸಂದಿಯಲ್ಲಿ ಸಕ್ಕರೆ ಉಳಿಯುತ್ತದೆ, ಹೋಳುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಅಟ್ಟಕ್ಕೆ ಎತ್ತಿಡುತ್ತಾರೆ. ಬ್ಯಾಂಡ್ ಎರಡು ವರ್ಷದಲ್ಲಿ ಕರಗಿ ಮರಕ್ಕೆ ಅಂಟುತ್ತದೆ, ಸಕ್ಕರೆಗೆ ಇರುವೆ, ಮರಕ್ಕೆ ಕುಟ್ಟೆಹುಳು. ಬಿಸಿನೀರಿನಲ್ಲಿ ಸಕ್ಕರೆ ಕರಗಿಸಿ, ಬ್ರಷ್ಷಿನಿಂದ ಗುಳಿ ತೊಳೆದು, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಮೈ ಬೇಗ, ಒಳಗು ನಿಧಾನ ಒಣಗಿ ಮರ ಸೀಳುತ್ತದೆ. ಜೋಡಿ ತಪ್ಪದಂತೆ ಹತ್ತಿಯ ದಾರ ಕಟ್ಟಿ. ಒಂದು ಹೋಳು ಕಳೆದರೆ ಇನ್ನೊಂದರಿಂದ ಅರ್ಧ ಗಿಳಿ ಮಾತ್ರ. ಯಾವ ಊರಿನಿಂದ, ಯಾರ ತವರಿನಿಂದ ಬಂತೆಂದು ಬರೆದ ಚೀಟಿಯನ್ನು ಅದೇ ದಾರಕ್ಕೆ ಪೋಣಿಸಿ. ಹೇಳುವವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಮತ್ತೆ ಪೆಜ್‌ಗೆ ಬರೋಣ. ಬರ್ಲಿಂಗೇಮ್ ಈಗ ಇಲ್ಲ. ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವವರು, ಅಲ್ಲೇ ಇರುವ ಕನ್ನಡಿಗರು ನೋಡಬಹುದಾದದ್ದು ಕನೆಕ್ಟಿಕಟ್‌ನ ಆರೆಂಜ್ ಎಂಬ ಊರು, ನ್ಯೂ ಹೇವನ್ ಪಕ್ಕದಲ್ಲಿ. 1970ರ ದಶಕದಿಂದ ಪೆಜ್ ಕಾರ್ಖಾನೆ ಅಲ್ಲಿದೆ, 2011ರಲ್ಲಿ ಕಂಪನಿಯೇ ಸಂದರ್ಶಕರ ಕೇಂದ್ರ ತೆರೆಯಿತು. ಮಿಠಾಯಿ ಅಲ್ಲೇ ಒತ್ತುತ್ತಾರೆ, ಡಬ್ಬಿಗಳು ಹೊರದೇಶದಿಂದ ಬರುತ್ತವೆ. ಗಾಜಿನ ಕಿಟಕಿಯಿಂದ ಕಾರ್ಖಾನೆ ಕಾಣುತ್ತದೆ, ಆದರೆ ಯಂತ್ರ ಓಡುವುದನ್ನು ನೋಡಬೇಕಿದ್ದರೆ ವಾರದ ಕೆಲಸದ ದಿನವೇ ಹೋಗಬೇಕು. ಶನಿವಾರ ಭಾನುವಾರ ಹೋದವರು ನಿಂತ ಯಂತ್ರ ನೋಡಿ ಬರುತ್ತಾರೆ. ಪೆಜ್ ಬಣ್ಣಗಳ ಮೋಟಾರ್‌ಸೈಕಲ್ಲಿನ ಮುಂದೆ ಮಕ್ಕಳ ಗುಂಪು ನೆರೆದಿರುತ್ತದೆ, ಹಳೆಯ ಡಬ್ಬಿಗಳ ಗೋಡೆಯ ಮುಂದೆ ಜಾಗ ಖಾಲಿಯಿರುತ್ತದೆ. ನೀವು ಅಲ್ಲಿಂದ ಶುರುಮಾಡಿ.

ಒಬ್ಬರೋ ಇಬ್ಬರೋ ನಡೆಸುವ ಪುಟ್ಟ ಮ್ಯೂಸಿಯಂ ಎಲ್ಲೇ ಸಿಗಲಿ, ಹೊರಡುವ ಮೊದಲು ಫೋನ್ ಮಾಡಿ. ಬಾಗಿಲ ಮೇಲಿನ ವೇಳೆಗಿಂತ ನಡೆಸುವವರ ಆರೋಗ್ಯ, ಮನೆಯ ಮದುವೆ, ಬಾಡಿಗೆ ಕರಾರು ಇವೇ ಅಲ್ಲಿನ ವೇಳಾಪಟ್ಟಿ. ಮೊದಲ ಸುತ್ತು ಏನನ್ನೂ ಓದದೆ ಬರೀ ನೋಡಿ. ಎರಡನೇ ಸುತ್ತಿನಲ್ಲಿ ಒಂದೇ ಸಾಲು ಆರಿಸಿಕೊಂಡು, ಮಂಡಿಯೂರಿ, ಕೆಳಗಿನ ಅರೆಯಿಂದ ನೋಡಿ. ಪಾದ ಕಾಣುವುದು ಆ ಎತ್ತರದಿಂದ. ಫೋಟೋಗೆ ಫ್ಲ್ಯಾಶ್ ಬೇಡ. ಮೊಬೈಲಿನ ಲೆನ್ಸನ್ನು ಗಾಜಿಗೆ ತಾಗಿಸಿ, ಸುತ್ತ ಅಂಗೈ ಕವಿದರೆ ಪ್ರತಿಫಲನ ಬರುವುದಿಲ್ಲ. ನಡೆಸುವವರನ್ನು 'ಯಾವುದರ ಬೆಲೆ ಹೆಚ್ಚು' ಎಂದು ಎಲ್ಲರೂ ಕೇಳುತ್ತಾರೆ. ನೀವು ಬೇರೆ ಕೇಳಿ: ಯಾವುದು ಕೆಡುತ್ತಿದೆ? ಯಾವುದರ ಬಗ್ಗೆ ಈಗಲೂ ಅನುಮಾನವಿದೆ? ಎರಡಿರುವುದು ಯಾವುದಾದರೂ ಇದೆಯೇ, ಕೈಗೆ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಬಹಳ ಕಡೆ ಗಾಜಿನ ಬಾಗಿಲು ತೆರೆಯುತ್ತದೆ. ಕೈಗೆ ಬಂದಾಗ ಮೇಜಿನ ಮೇಲೆ, ಎರಡೂ ಕೈಯಲ್ಲಿ, ಒರೆಯನ್ನು ಹಿಡಿಯಿರಿ. ತಲೆ ಹಿಡಿದು ಎತ್ತಬೇಡಿ. ಐವತ್ತು ವರ್ಷದ ಕೀಲು ಅದು.